ಕಲ್ಲಿಗೆ ಜೀವ ಬರಲಿ, ಮೀನು ಆಮೇಲೆ: ಮನೆಯಲ್ಲಿ ಉಪ್ಪುನೀರಿನ ಟ್ಯಾಂಕ್

ಕಾಸರಗೋಡಿನಲ್ಲಿ ಸಮುದ್ರದ ಬಣ್ಣದ ಮೀನು ಸಾಕುವ ಮಾತು ಬಂದರೆ ಎರಡು ಸಲಹೆ ಗ್ಯಾರಂಟಿ. ಕಡಲು ಇಲ್ಲೇ ಇದೆಯಲ್ಲ, ನಾಲ್ಕು ಕ್ಯಾನ್ ನೀರು ತಂದರಾಯಿತು ಅನ್ನುವುದು ಒಂದು. ಲಕ್ಷದ್ವೀಪಕ್ಕೆ ಹೋಗಿ ಬರುವವರ ಹತ್ತಿರ ಹವಳದ ಕಲ್ಲು ತರಿಸಿಕೊಳ್ಳಿ ಅನ್ನುವುದು ಇನ್ನೊಂದು. ದಯವಿಟ್ಟು ಎರಡನ್ನೂ ಬಿಡಿ.

ಹವಳದ ಕಲ್ಲು ತರಿಸುವುದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಶೆಡ್ಯೂಲಿನಲ್ಲಿ ಗಟ್ಟಿ ಹವಳಗಳಿವೆ, ಕಡಲಕುದುರೆಯೂ ಇದೆ. ಸತ್ತು ಬಿಳಿಯಾದ ತುಂಡು ಅಂತ ಹೇಳಿದರೂ ರಿಯಾಯಿತಿ ಇಲ್ಲ. ಕಾನೂನು ಹಾಗಿರಲಿ, ಅಲ್ಲಿ ಆ ಕಲ್ಲಿನ ಸಂದಿಯಲ್ಲೇ ನೂರಾರು ಜೀವಗಳು ಮನೆ ಮಾಡಿಕೊಂಡಿರುತ್ತವೆ, ನಮ್ಮ ಹಾಲ್‌ನ ಚಂದಕ್ಕೆ ಅದನ್ನು ಕಿತ್ತು ತರುವುದು ಸರಿಯಲ್ಲ ಅಲ್ವಾ.

ಇನ್ನು ನೀರು. ಮಳೆಗಾಲದಲ್ಲಿ ಚಂದ್ರಗಿರಿ ಹೊಳೆಯ ಅಳಿವೆ ಹತ್ತಿರ ಸಮುದ್ರದ ನೀರಿನಲ್ಲಿ ಉಪ್ಪು ಇಳಿದುಹೋಗಿರುತ್ತದೆ, ದೋಣಿ ನಿಲ್ಲುವ ಕಡೆ ಡೀಸೆಲ್ ಬೆರೆತಿರುತ್ತದೆ. ಅಕ್ವೇರಿಯಂ ಅಂಗಡಿಯ ಸಮುದ್ರ ಉಪ್ಪನ್ನು ಆರ್‌ಒ ನೀರಿಗೆ ಬೆರೆಸಿ, ಲೀಟರಿಗೆ ಸುಮಾರು 35 ಗ್ರಾಂ. ಅಡುಗೆ ಉಪ್ಪು ಆಗುವುದಿಲ್ಲ, ಅದರಲ್ಲಿ ಬೇಕಾದಷ್ಟು ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುವುದಿಲ್ಲ. ಉಪ್ಪಿನ ಪ್ರಮಾಣ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ 1.025 ಬಂದರೆ ನೀರು ಸರಿಯಾಯಿತು. ಟ್ಯಾಂಕ್ 200 ಲೀಟರಿನದ್ದಾದರೆ ಒಳ್ಳೆಯದು. ಚಿಕ್ಕ ಟ್ಯಾಂಕ್ ಸುಲಭ ಅಂತ ಅನ್ನಿಸುತ್ತದೆ, ಆದರೆ ನೀರು ಕಡಿಮೆ ಇದ್ದಷ್ಟೂ ಬೇಗ ಕೆಡುತ್ತದೆ.

ಈಗ ಮುಖ್ಯ ವಿಷಯ, ಕಲ್ಲು. ಈ ಟ್ಯಾಂಕಿಗೆ ನಿಜವಾದ ಫಿಲ್ಟರ್ ಅದೇ. ಮೀನಿನ ಹಿಕ್ಕೆ, ತಿಂದು ಉಳಿದ ಆಹಾರ ಕೊಳೆತರೆ ಅಮೋನಿಯಾ ಆಗುತ್ತದೆ, ಅದು ವಿಷ. ಕಲ್ಲಿಗೆ ಅಂಟಿಕೊಂಡ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ಅದೂ ಒಳ್ಳೆಯದಲ್ಲ, ಹಾಗಾಗಿ ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುತ್ತದೆ, ಇದರಿಂದ ತೊಂದರೆ ಬಹಳ ಕಡಿಮೆ. ಕಲ್ಲಿನ ಒಳಗೆ ಆಮ್ಲಜನಕ ತಲುಪದ ಸಣ್ಣ ಸಣ್ಣ ತೂತುಗಳಲ್ಲಿ ಮತ್ತೊಂದು ಬಗೆ ಇದ್ದು, ಅದು ಒಂದಷ್ಟು ನೈಟ್ರೇಟನ್ನೂ ಒಡೆದು ಸಾರಜನಕವಾಗಿ ಗಾಳಿಗೆ ಬಿಡುತ್ತದೆ. ಇಷ್ಟೆಲ್ಲ ನಡೆಯುವ ಕಲ್ಲಿಗೇ ಲೈವ್ ರಾಕ್ ಅನ್ನುವುದು.

ನೀವು ತರಬೇಕಾದದ್ದು ಡ್ರೈ ರಾಕ್, ಅಂದರೆ ಜೀವವಿಲ್ಲದ ಒಣ ಕಲ್ಲು. ನಿಮ್ಮ ಟ್ಯಾಂಕಿನಲ್ಲೇ ಅದು ನಿಧಾನವಾಗಿ ಲೈವ್ ರಾಕ್ ಆಗುತ್ತದೆ. ಹಗುರವಾದ, ತೂತು ಜಾಸ್ತಿ ಇರುವ ಕಲ್ಲಾದರೆ 200 ಲೀಟರಿಗೆ 15 ಕಿಲೋ ಸಾಕು. ತೂತು ಇದೆಯಲ್ಲ ಅಂತ ನಮ್ಮ ಮುರಕಲ್ಲು ಮಾತ್ರ ಹಾಕಬೇಡಿ, ಅದರಲ್ಲಿ ಕಬ್ಬಿಣ ತುಂಬಾ. ಮೊದಲು ಕಲ್ಲು, ಆಮೇಲೆ ಮರಳು. ಮರಳಿನ ಮೇಲೆ ಕಲ್ಲು ಇಟ್ಟರೆ ಗೋಬಿಯಂಥ ಮೀನು ಅಡಿಯಲ್ಲಿ ತೋಡಿ ಇಡೀ ರಾಶಿಯನ್ನೇ ಉರುಳಿಸಬಹುದು. ಕೈಯಲ್ಲಿ ಅಲ್ಲಾಡಿಸಿ ನೋಡಿ, ಗಟ್ಟಿಯಾಗಿ ಕೂತಿರಬೇಕು. ಗಾಜಿನಿಂದ ನಾಲ್ಕು ಬೆರಳು ಜಾಗ ಬಿಡಿ, ಪಾಚಿ ಕೆರೆಯಲು ಕೈ ಹೋಗಬೇಕಲ್ಲ. ಮಧ್ಯೆ ಗುಹೆಗಳಿರಲಿ, ಹಿಂದೆ ಮುಂದೆ ನೀರು ಆಡುತ್ತಿರಲಿ.

ಈಗ ಬರೀ ಕಲ್ಲು, ಮರಳು, ನೀರು. ನೀರು ಆಡಿಸುವ ಪಂಪ್, ಅಂದರೆ ವೇವ್ ಮೇಕರ್ ಓಡಿಸಿ, ಬಾಟಲಿ ಬ್ಯಾಕ್ಟೀರಿಯಾ ಹಾಕಿ, ಅದಕ್ಕೆ ಊಟ ಅಂತ ಒಂದು ಹಸಿ ಎಟ್ಟಿ (ಸಿಗಡಿ) ಬಿಡಿ. ವಾಸನೆ ಬರುತ್ತದೆ, ಸಹಿಸಿಕೊಳ್ಳಿ. ಟೆಸ್ಟ್ ಕಿಟ್ಟಿನಲ್ಲಿ ಮೊದಲು ಅಮೋನಿಯಾ ಏರಿ ಇಳಿಯುತ್ತದೆ, ಆಮೇಲೆ ನೈಟ್ರೈಟ್ ಏರಿ ಇಳಿಯುತ್ತದೆ. ಎರಡೂ ಸೊನ್ನೆಯಾಗಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ನಡುವೆ ಕಲ್ಲು, ಮರಳಿನ ಮೇಲೆಲ್ಲ ಕಂದು ಪುಡಿ ಉದುರಿಸಿದ ಹಾಗೆ ಒಂದು ಪದರ ಕಾಣಿಸಿಕೊಳ್ಳುತ್ತದೆ. ಬೆರಳು ಆಡಿಸಿದರೆ ಹೊಗೆಯ ಹಾಗೆ ಎದ್ದುಬಿಡುತ್ತದೆ. ಅದು ಡಯಾಟಮ್ ಅನ್ನುವ ಪಾಚಿ, ಹೊಸ ಟ್ಯಾಂಕಿನಲ್ಲಿ ಬಂದೇ ಬರುತ್ತದೆ, ತಾನಾಗಿ ಹೋಗುತ್ತದೆ. ಗಾಬರಿಯಲ್ಲಿ ಟ್ಯಾಂಕ್ ಖಾಲಿ ಮಾಡಿ ಕಲ್ಲು ತಿಕ್ಕಿದರೆ ಇಷ್ಟು ದಿನ ಬೆಳೆದದ್ದೆಲ್ಲ ಸುಮ್ನೆ ತೊಳೆದುಹೋಗುತ್ತದೆ.

ಎರಡೂ ಸೊನ್ನೆ ಬಂದ ಮೇಲೆ ಸ್ವಲ್ಪ ನೀರು ಬದಲಿಸಿ, ಮೊದಲು ಬಸವನಹುಳು, ಹರ್ಮಿಟ್ ಏಡಿ ಬಿಡಿ. ಆಮೇಲೆ ಮೀನು, ಒಂದು ಸಲಕ್ಕೆ ಒಂದೋ ಎರಡೋ, ನಡುವೆ ಎರಡು ಮೂರು ವಾರ ಬಿಟ್ಟು. ಸಾಧು ಮೀನು ಮೊದಲು ಬರಬೇಕು. ಜಗಳಗಂಟ ಮೀನು ಮೊದಲೇ ಬಂದು ಜಾಗ ಹಿಡಿದರೆ ಹೊಸದಾಗಿ ಬಂದದ್ದಕ್ಕೆ ಉಳಿಗಾಲವಿಲ್ಲ. ಫೈರ್‌ಫಿಶ್, ಗೋಬಿ ಮೊದಲಿಗೆ ಒಳ್ಳೆಯವು. ಫೈರ್‌ಫಿಶ್ ಹೆದರಿದರೆ ಹಾರುತ್ತದೆ, ಮೇಲೆ ಬಲೆ ಮುಚ್ಚಿ. ಕೊನೆಗೆ ಕ್ಲೌನ್ ಜೋಡಿ.

ಕ್ಲೌನ್ ಮೀನು ತಗೊಳ್ಳುವಾಗ ಸಾಕಿ ಬೆಳೆಸಿದ್ದನ್ನೇ ಕೇಳಿ. ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಕೇರಳದ ವಿಳಿಂಜಂನಲ್ಲಿ ಇದರ ಮರಿ ಮಾಡಿಸುವ ವಿಧಾನ ರೂಪಿಸಿದ್ದಾರೆ, ಹಾಗಾಗಿ ಕಡಲಿನಿಂದ ಹಿಡಿದ ಮೀನು ಕೊಳ್ಳುವ ಅಗತ್ಯವೇ ಇಲ್ಲ. ಎರಡು ಚಿಕ್ಕವನ್ನು, ಒಂದು ತುಸು ದೊಡ್ಡದಿರುವ ಹಾಗೆ ಆರಿಸಿ. ಕ್ಲೌನ್ ಎಲ್ಲವೂ ಹುಟ್ಟುವಾಗ ಗಂಡೇ, ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಚಿಕ್ಕದು ಅದರ ಮುಂದೆ ಮಗ್ಗುಲಾಗಿ ಮೈ ನಡುಗಿಸಿದರೆ ಕಾಯಿಲೆ ಅಂದುಕೊಳ್ಳಬೇಡಿ, ಶರಣಾದೆ ಅಂತ ಹೇಳುವ ರೀತಿ ಅದು. ಕಡಲಿನಲ್ಲಿ ಕ್ಲೌನ್ ಆಸರೆ ಪಡೆಯುವ ಹೂವಿನಂಥ ಜೀವಿ ಅನಿಮೋನ್, ಟ್ಯಾಂಕಿನಲ್ಲಿ ಅದು ಬೇಕಾಗಿಲ್ಲ.

ಬ್ಲೂ ಟ್ಯಾಂಗ್ ಬೇಡ, 30 ಸೆಂಟಿಮೀಟರ್ ತನಕ ಬೆಳೆಯುತ್ತದೆ. ಲಯನ್‌ಫಿಶ್ ಚಿಕ್ಕ ಮೀನುಗಳನ್ನು ನುಂಗುತ್ತದೆ. ಮ್ಯಾಂಡರಿನ್ ನೋಡಲು ಬಹಳ ಚಂದ, ಆದರೆ ಹೊಸ ಕಲ್ಲಿನಲ್ಲಿ ಅದು ಹೆಕ್ಕಿ ತಿನ್ನುವ ಸಣ್ಣ ಹುಳುಗಳಿರುವುದಿಲ್ಲ, ಉಪವಾಸ ಬಿದ್ದು ಸಾಯುತ್ತದೆ. ಡ್ಯಾಮ್ಸೆಲ್ ಅಗ್ಗ ಅಂತ ಅಂಗಡಿಯವರು ಒತ್ತಾಯಿಸಬಹುದು, ಬಹುಪಾಲು ಡ್ಯಾಮ್ಸೆಲ್‌ಗಳು ಜಗಳಗಂಟಿಗಳು. 200 ಲೀಟರಿಗೆ ನಾಲ್ಕೈದು ಚಿಕ್ಕ ಮೀನು ಸಾಕು.

ಹೊಸ ಮೀನು ನಾಲ್ಕು ವಾರ ಬೇರೆ ಟ್ಯಾಂಕಿನಲ್ಲಿರಲಿ. ಬಿಳಿ ಚುಕ್ಕೆ ರೋಗಕ್ಕೆ ತಾಮ್ರದ ಔಷಧಿ ಕೊಡುವುದಿದ್ದರೆ ಅಲ್ಲೇ ಕೊಡಿ, ಮುಖ್ಯ ಟ್ಯಾಂಕಿಗೆ ಬಿದ್ದರೆ ಬಸವನಹುಳು, ಏಡಿ, ಸಿಗಡಿ ಎಲ್ಲ ಸಾಯುತ್ತವೆ, ಕಲ್ಲು ತಾಮ್ರವನ್ನು ಹೀರಿಕೊಳ್ಳುತ್ತದೆ. ನೀರಿಗೆ ಒಗ್ಗಿಸಲು ಮೆಡಿಕಲ್ ಶಾಪಿನ ಡ್ರಿಪ್ ಸೆಟ್ ಚೆನ್ನಾಗಿ ಕೆಲಸ ಮಾಡುತ್ತದೆ. ಮೀನನ್ನು ಬಕೆಟ್ಟಿಗೆ ಹಾಕಿ, ಟ್ಯಾಂಕಿನ ನೀರನ್ನು ಹನಿ ಹನಿಯಾಗಿ ಅರ್ಧ ಗಂಟೆ ಬಿಡಿ. ಚೀಲದ ನೀರು ಟ್ಯಾಂಕಿಗೆ ಹೋಗಬಾರದು.

ಟ್ಯಾಂಕಿನ ನೀರು ಆವಿಯಾಗಿ ಕಡಿಮೆಯಾದಾಗ ಉಪ್ಪು ಅಲ್ಲೇ ಉಳಿಯುತ್ತದೆ, ಆದ್ದರಿಂದ ತುಂಬಿಸುವಾಗ ಸಿಹಿನೀರೇ ಹಾಕಿ. ಉಪ್ಪುನೀರು ವಾರಕ್ಕೊಮ್ಮೆ ಹತ್ತರಲ್ಲೊಂದು ಪಾಲು ಬದಲಿಸುವಾಗ ಮಾತ್ರ. ನಮ್ಮ ಏಪ್ರಿಲ್, ಮೇ ಸೆಕೆಯಲ್ಲಿ ನೀರು 30 ಡಿಗ್ರಿ ದಾಟುತ್ತದೆ, ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. ನೀರಿನ ಮೇಲೆ ಫ್ಯಾನ್ ಬೀಸಿದರೆ ಒಂದೆರಡು ಡಿಗ್ರಿ ಇಳಿಯುತ್ತದೆ, ಕರಾವಳಿಯ ತೇವದ ಗಾಳಿಯಲ್ಲಿ ಅದಕ್ಕಿಂತ ಜಾಸ್ತಿ ನಿರೀಕ್ಷಿಸಬೇಡಿ. ಗುಡುಗು ಮಳೆಗೆ ಕರೆಂಟ್ ಹೋಗುವುದಂತೂ ಇದ್ದದ್ದೇ, ನೀರು ನಿಂತರೆ ಮೀನಿನ ಜೊತೆಗೆ ಕಲ್ಲಿನ ಬ್ಯಾಕ್ಟೀರಿಯಾವೂ ಸಾಯಲು ಶುರುವಾಗುತ್ತದೆ. ಬ್ಯಾಟರಿ ಏರ್ ಪಂಪ್ ಒಂದು ಕೈಗೆಟಕುವ ಹಾಗಿರಲಿ. ಇನ್ವರ್ಟರ್ ಇದ್ದರೆ ವೇವ್ ಮೇಕರಿಗೆ ಲೈನ್ ಕೊಡಿ, ಟ್ಯಾಂಕಿನ ಲೈಟಿಗೆ ಬೇಡ.