ಲೈನ್‌ಮನೆ ಪಾಪು ಜೊತೆ ಮಾತಾಡೋರು ಯಾರು?

ಕೊಡಗಿನ ಸಿದ್ದಾಪುರದ ಕಡೆ ಕಾಫಿ ತೋಟಗಳ ಮಧ್ಯೆ ಇರುವ ಅಂಗನವಾಡಿಯಲ್ಲಿ ನಾನು ಟೀಚರ್. ಮೂರು ವರ್ಷ ತುಂಬಿದ ಮಕ್ಕಳು ನಮ್ಮ ಹತ್ತಿರ ಬರುತ್ತಾರೆ. ಹಾಡು, ಕತೆ, ಊಟ ಎಲ್ಲಾ ಸಿಗುತ್ತದೆ. ಆದರೆ ಅಷ್ಟು ಹೊತ್ತಿಗೆ ಮಗುವಿನ ಮಿದುಳು ದೊಡ್ಡವರ ಮಿದುಳಿನ ಸುಮಾರು ಶೇ. 80ರಷ್ಟು ಗಾತ್ರಕ್ಕೆ ಬೆಳೆದಿರುತ್ತದೆ. ಅದಕ್ಕೇ ನನಗೆ ಲೈನ್‌ಮನೆಯಲ್ಲೇ (ತೋಟದ ಕೂಲಿಯವರ ಸಾಲುಮನೆಯಲ್ಲೇ) ಉಳಿಯುವ ಚಿಕ್ಕವರ ಚಿಂತೆ ಜಾಸ್ತಿ.

ಕುಯ್ಲು ಶುರುವಾದರೆ ಮೊದಲು ಅರೇಬಿಕಾ, ಆಮೇಲೆ ರೊಬಸ್ಟಾ. ಕುಯ್ದಷ್ಟು ಕಿಲೋಗೆ ಕೂಲಿ ಅಂದಮೇಲೆ ತಾಯಿ ಮಧ್ಯದಲ್ಲಿ ಮನೆಗೆ ಹೇಗೆ ಬರುತ್ತಾಳೆ? ಪಾಪು ಅಜ್ಜಿ ಹತ್ತಿರ, ಇಲ್ಲಾ ಅಕ್ಕನ ಸೊಂಟದ ಮೇಲೆ. ರಾತ್ರಿ ಆನೆ ಭಯ. ಬಟವಾಡೆ ದಿನ ಕೆಲವು ಮನೆಗಳಲ್ಲಿ ಕುಡಿದು ಗಲಾಟೆ. ಹೆದರಿಕೆ ಹೀಗೆ ದಿನಾ ಇದ್ದರೆ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಮೈಯಲ್ಲಿ ಏರುಪೇರಾಗುತ್ತದೆ, ಬೆಳೆಯುವ ಮಿದುಳಿಗೆ ಪೆಟ್ಟು ಬೀಳುತ್ತದೆ. ಎತ್ತಿಕೊಂಡು ಸಮಾಧಾನ ಮಾಡುವವರು ಒಬ್ಬರಿದ್ದರೂ ಆ ಪೆಟ್ಟು ಕಡಿಮೆ. ಅವರು ತಾಯಿಯೇ ಆಗಬೇಕೆಂದಿಲ್ಲ.

ಹಾಗಾಗಿ ನಾನು ಅಜ್ಜಿಯರನ್ನು ಹಿಡಿದೆ.

ಒಬ್ಬ ಅಜ್ಜಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಚಾಪೆ ಮೇಲಿದ್ದ ಪಾಪು "ಬ್ಬಾ" ಅಂತು. ಅಜ್ಜಿ ತಲೆ ಎತ್ತಲಿಲ್ಲ. "ಅವ್ವಾ, ಅವನೇನೋ ಹೇಳ್ದ, ಕೇಳಿಸ್ತಾ?" ಅಂದೆ. "ಅದಕ್ಕೆ ಮಾತೇ ಬರಲ್ಲ ಟೀಚರೇ, ಏನಂತ ಮಾತಾಡೋದು!" ಅಂತ ನಕ್ಕರು. ನಾನು ಪಕ್ಕದಲ್ಲಿ ಕೂತು "ಬ್ಬಾ" ಅಂದು ಸುಮ್ನಾದೆ. ಅವನು ನನ್ನ ಬಾಯನ್ನೇ ನೋಡಿದ, ಕಾಲು ಬಡಿದ, ಸ್ವಲ್ಪ ಹೊತ್ತಾದ ಮೇಲೆ "ಬ್ಬಬ್ಬಾ" ಅಂದ. ಅಜ್ಜಿ ಮೊರ ಬದಿಗಿಟ್ಟರು.

ಆ ಸುಮ್ನಿರೋದೇ ಮುಖ್ಯ. ನಾವು ದೊಡ್ಡವರು ಮಗುವಿಗೆ ಬಾಯಿ ತೆರೆಯಲು ಪುರುಸೊತ್ತೇ ಕೊಡಲ್ಲ, ಅಲ್ವಾ?

ಬಹಳ ಅಜ್ಜಿಯರು "ಕನ್ನಡದಲ್ಲೇ ಮಾತಾಡಬೇಕಾ?" ಅಂತ ಕೇಳುತ್ತಾರೆ. ಬೇಡ. ಯರವ ಮಾತೋ, ಜೇನುಕುರುಬರ ಮಾತೋ, ನಿಮ್ಮ ಬಾಯಿಗೆ ಸಲೀಸಾಗಿ ಬರೋದರಲ್ಲೇ ಆಡಿ ಅನ್ನುತ್ತೇನೆ. ಕನ್ನಡ ಕಲಿಸೋಕೆ ನಾನಿದ್ದೀನಲ್ಲ.

ಇದೇನು ನನ್ನ ಹೊಸ ಉಪಾಯವಲ್ಲ. ಜಮೈಕಾದ ಕಿಂಗ್‌ಸ್ಟನ್‌ನಲ್ಲಿ 1986-87ರಲ್ಲಿ ಆರೋಗ್ಯ ಕಾರ್ಯಕರ್ತೆಯರು ಬಡ ಮನೆಗಳ ಕುಂಠಿತ ಬೆಳವಣಿಗೆಯ ಮಕ್ಕಳ ಹತ್ತಿರ ವಾರಕ್ಕೊಂದು ಗಂಟೆಯಂತೆ 2 ವರ್ಷ ಹೋಗಿ, ಮಗುವನ್ನು ಆಡಿಸುವುದನ್ನು ತಾಯಂದಿರಿಗೆ ತೋರಿಸಿಕೊಟ್ಟಿದ್ದರು. 20 ವರ್ಷದ ನಂತರ ನೋಡಿದರೆ ಆ ಮಕ್ಕಳ ದುಡಿಮೆ, ಇಂಥ ಭೇಟಿ ಸಿಗದ ಅಂಥದ್ದೇ ಮಕ್ಕಳಿಗಿಂತ ಶೇ. 25ರಷ್ಟು ಜಾಸ್ತಿ ಇತ್ತು.

ಆಟಕ್ಕೆ ಡಬ್ಬಿ, ಚಮಚ, ಬಟ್ಟೆ ಚೂರು ಸಾಕು. ಬಾಟಲಿಗೆ ಕಾಫಿ ಬೀಜ ಹಾಕಿ ಗಿಲಕಿ ಮಾಡಿದರೆ ಮುಚ್ಚಳ ಬಿಗಿಯಾಗಿ ಅಂಟಿಸಿರಬೇಕು, ಬೀಜ ಗಂಟಲಿಗೆ ಸಿಕ್ಕರೆ ಕಷ್ಟ. ಊಟದಲ್ಲಿ ಮೊಟ್ಟೆ, ಸೊಪ್ಪು, ಕಾಳು ಇರಲೇಬೇಕು. ಕಬ್ಬಿಣಾಂಶ ಕಡಿಮೆಯಾದರೆ ಮಿದುಳಿಗೂ ತೊಂದರೆ.

ಅಕ್ಕಂದಿರಿಗೆ ಮಾತ್ರ ನಾನು ಇದನ್ನೆಲ್ಲ ಕಲಿಸಲ್ಲ. ಎಂಟು ವರ್ಷದ ಹುಡುಗಿ ಶಾಲೆಯಲ್ಲಿರಬೇಕು. ಅವಳನ್ನು ಒಳ್ಳೇ ಆಯಾ ಮಾಡಿಬಿಟ್ಟರೆ ಅವಳು ಮನೆಯಲ್ಲೇ ಉಳಿಯುತ್ತಾಳೆ.

ಕುಡಿತದ ಗಲಾಟೆ ನಿಲ್ಲಿಸೋದು ನನ್ನ ಕೈಲಾಗಿಲ್ಲ. ಪಕ್ಕದ ಲೈನಿನ ಒಬ್ಬ ಹೆಂಗಸಿನ ಹತ್ತಿರ ಮಾತಾಡಿದ್ದೇನೆ. ಬಟವಾಡೆ ದಿನ ಸಂಜೆಯೇ ಗಲಾಟೆ ಮನೆಗಳ ಮಕ್ಕಳನ್ನು ಅವರು ತಮ್ಮ ಮನೆಗೆ ಕರೆದುಕೊಂಡು ಹೋಗುತ್ತಾರೆ.