ಕರದಂಟಿನ ಡಬ್ಬಿಯಲ್ಲಿ 800 ಇಂಗ್ಲಿಷ್ ಪದ

ಹೊರದೇಶದಲ್ಲಿ ಎಂ.ಎಸ್. ಓದೋಕೆ ಬರೆಯೋ ಜಿಆರ್‌ಇ ಪರೀಕ್ಷೆಯನ್ನು ಮೊದಲ ಸಲ ಬರೆದಾಗ ವರ್ಬಲ್ ಭಾಗದಲ್ಲಿ, ಅಂದ್ರೆ ಇಂಗ್ಲಿಷ್ ಭಾಷೆಯ ಭಾಗದಲ್ಲಿ, ನನಗೆ ಬಂದದ್ದು 143. ಈ ಪರೀಕ್ಷೆಯಲ್ಲಿ ಅಂಕ ಶುರುವಾಗೋದೇ 130ರಿಂದ, ಮುಗಿಯೋದು 170ಕ್ಕೆ. ಲೆಕ್ಕ ನೀವೇ ಹಾಕಿಕೊಳ್ಳಿ. ಫೀ 20 ಸಾವಿರಕ್ಕೂ ಜಾಸ್ತಿ, ಬೆಂಗಳೂರಿಗೆ ಹೋಗಿ ಬರೋ ಖರ್ಚು ಬೇರೆ. ರಾತ್ರಿ ಬಸ್ಸಿನಲ್ಲಿ ಬಾಗಲಕೋಟೆಗೆ ವಾಪಸ್ ಬರುವಾಗ ಕಣ್ಣಿಗೆ ನಿದ್ದೆ ಹತ್ತಲಿಲ್ಲ.

ಹೊಟ್ಟೆ ಉರಿದದ್ದು ಯಾಕೆ ಅಂದ್ರೆ, ಪರದೆ ಮೇಲೆ ಬಂದ ಪದಗಳಲ್ಲಿ ಹೆಚ್ಚಿನವು ನಾನು ಉರು ಹೊಡೆದವೇ. ಮುಖ ಪರಿಚಯ ಇತ್ತು. ಎಲ್ಲಿ ಕೂರಿಸಬೇಕು ಅಂತ ಮಾತ್ರ ತಿಳಿಯಲಿಲ್ಲ. ಲಗ್ನದ ಮನೆಯಲ್ಲಿ ಯಾರೋ ಬಂದು "ಏನಪಾ, ಆರಾಮಿದ್ದೀಯಾ?" ಅಂತ ಹೆಗಲ ಮೇಲೆ ಕೈ ಹಾಕುತ್ತಾರೆ. ಅವರು ಅವ್ವನ ಕಡೆಯವರೋ ಅಪ್ಪನ ಕಡೆಯವರೋ ಗೊತ್ತಾಗದೆ ಸುಮ್ನೆ ಹಲ್ಲು ಕಿರಿಯುತ್ತೀವಲ್ಲ, ಹಾಗೆ.

ನಾನು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಸಿವಿಲ್ ಇಂಜಿನಿಯರಿಂಗ್ ಓದಿದ್ದು ಊರಲ್ಲೇ. ಸಿವಿಲ್‌ನ ಇಂಗ್ಲಿಷ್ ಅಂದ್ರೆ ಬೀಮು, ಲೋಡು, ಕಾಂಕ್ರೀಟು. ಅದರಲ್ಲಿ 'ಗ್ಯಾರುಲಸ್' ಬರೋ ಪ್ರಸಂಗವೇ ಇಲ್ಲ. ಹಾಗಾಗಿ ಒಂದು ಕೋಚಿಂಗ್ ಕ್ಲಾಸಿಗೆ ಸೇರಿದೆ. ಮೊದಲ ದಿನವೇ ಒಂದು ಜೆರಾಕ್ಸ್ ಕಟ್ಟು ಕೈಗೆ ಬಂತು. 1,100 ಪದ, ಎ ಇಂದ ಝಡ್‌ವರೆಗೆ, ಎದುರಿಗೆ ಒಂದೊಂದೇ ಪದದ ಅರ್ಥ. ದಿನಕ್ಕೆ 50 ಮುಗಿಸಿ ಅಂದ್ರು. ನಾನು ಪಕ್ಕದಲ್ಲಿ ಕನ್ನಡ ಅರ್ಥ ಗೀಚಿಕೊಂಡು ಮಗ್ಗಿ ಥರ ಬಾಯಿಪಾಠ ಮಾಡಿದೆ. 'ಪಿ' ಅಕ್ಷರಕ್ಕೆ ಬರುವಷ್ಟರಲ್ಲಿ 'ಡಿ' ಖಾಲಿಯಾಗಿರ್ತಿತ್ತು. ಅಕ್ಷರದ ಸಾಲಿನಲ್ಲಿ ಓದಿದ್ರೆ ಇನ್ನೊಂದು ಕಾಟ: ಒಂದೇ ಥರ ಕಾಣೋ ಪದಗಳು ಅಕ್ಕಪಕ್ಕ ಬಂದು ಕೂರ್ತವೆ. 'ವೀನಲ್' ಅಂದ್ರೆ ಲಂಚಕ್ಕೆ ಬಗ್ಗುವವನು, 'ವೀನಿಯಲ್' ಅಂದ್ರೆ ಕ್ಷಮಿಸಿಬಿಡಬಹುದಾದ ಸಣ್ಣ ತಪ್ಪು. ಈ ಎರಡನ್ನೂ ಒಂದೇ ರಾತ್ರಿ ಕಲಿತು ಇವತ್ತಿಗೂ ಒಂದು ಕ್ಷಣ ತಡವರಿಸ್ತೀನಿ.

ಆ ಥರದ ಪಟ್ಟಿಗೆ ಒಂದು ಕಾಲದಲ್ಲಿ ಅರ್ಥ ಇತ್ತು. 2011ರ ಆಗಸ್ಟ್‌ಗೆ ಮುಂಚೆ ಜಿಆರ್‌ಇಯಲ್ಲಿ ಒಂದು ಪದ ಕೊಟ್ಟು ಅದರ ವಿರುದ್ಧಾರ್ಥ ಕೇಳ್ತಿದ್ದರು. ಪದ ಗೊತ್ತಿದ್ರೆ ಸಾಕಿತ್ತು. ಆಮೇಲೆ ಅದನ್ನು ತೆಗೆದರು. ಈಗ ವಾಕ್ಯ ಕೊಟ್ಟು ಖಾಲಿ ಜಾಗ ತುಂಬಿಸ್ತಾರೆ. ಒಂದೇ ವಾಕ್ಯವೃಂದದಲ್ಲಿ ಮೂರು ಖಾಲಿ ಜಾಗ ಇದ್ರೆ ಮೂರೂ ಸರಿ ಇರಬೇಕು. ಎರಡು ಸರಿ ಮಾಡಿದ್ರೂ ಸೊನ್ನೆ. ಪರೀಕ್ಷೆ ಬದಲಾಯ್ತು, ಜೆರಾಕ್ಸ್ ಕಟ್ಟು ಮಾತ್ರ ಬದಲಾಗಲಿಲ್ಲ.

ಎರಡನೇ ಸಲಕ್ಕೆ ಐದು ತಿಂಗಳು ತಗೊಂಡೆ. 21 ದಿನ ಬಿಟ್ಟರೆ ಮತ್ತೆ ಬರೆಯಬಹುದು, ಆದರೆ 21 ದಿನದಲ್ಲಿ ಬದಲಾಗೋ ರೋಗ ಇದಲ್ಲ ಅನ್ನಿಸಿತ್ತು.

ನಮ್ಮ ಮನೆ ನವನಗರದಲ್ಲಿ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಮನೆ ಹೋದಮೇಲೆ ಇಲ್ಲಿಗೆ ಬಂದವರು ನಾವು. ಬರೋ ನೆಂಟರೆಲ್ಲ ಅಮೀನಗಡದ ಕರದಂಟು ತರ್ತಾರೆ, ಖಾಲಿ ಡಬ್ಬಿಗಳನ್ನು ಅವ್ವ ಎಸೆಯೋದಿಲ್ಲ. ಪದ ಬರೆದ ಚೀಟಿ ಹಾಕಿಡೋಕೆ ಅದರಲ್ಲಿ ಐದು ಇಸ್ಕೊಂಡೆ. ಚೀಟಿ ಮಾಡೋಕೆ ಹಳೇ ಲಗ್ನಪತ್ರಿಕೆಗಳು. ಹಿಂದಿನ ಬದಿ ಖಾಲಿ ಇರುತ್ತೆ, ಕಾಗದ ದಪ್ಪ, ಬೆರಳಿಗೆ ಸಿಗುತ್ತೆ. ಒಂದು ಪತ್ರಿಕೆಯಲ್ಲಿ ನಾಲ್ಕು ಚೀಟಿ. ಕತ್ತರಿ ಹಿಡಿದು ಕೂತಾಗ ಅವ್ವ ನೋಡಿ ಗಾಬರಿಯಾದಳು. "ಏ ತಮ್ಮಾ, ಗಣಪ್ಪನ ಮ್ಯಾಲ ಕತ್ರಿ ಆಡಸ್ತಿಯೇನು? ಕೊಡ ಇಲ್ಲೆ." ತಾನೇ ಕೂತು ಗಣಪತಿ ಚಿತ್ರ ಇರೋ ಭಾಗ ಬಿಡಿಸಿ ಪಕ್ಕಕ್ಕಿಟ್ಟು, ಉಳಿದದ್ದನ್ನು ನನಗೆ ಕೊಟ್ಟಳು. ಹಾಗಾಗಿ ನನ್ನ ಚೀಟಿಗಳಲ್ಲಿ ಎಷ್ಟೋ ಮೂಲೆ ಕತ್ತರಿಸಿದಂಥವು.

ಐದು ಡಬ್ಬಿಯ ಉಪಾಯ ನನ್ನದಲ್ಲ. ಜರ್ಮನಿಯ ಎಬ್ಬಿಂಗ್‌ಹೌಸ್ ಅನ್ನುವವರು ಅರ್ಥವಿಲ್ಲದ ಅಕ್ಷರಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತೆ ಅಂತ ಅಳೆದು 1885ರಲ್ಲಿ ಪ್ರಕಟಿಸಿದ್ದರು. ಮರೆವು ಶುರುವಿನಲ್ಲೇ ಜೋರು, ಆಮೇಲೆ ನಿಧಾನ. ಮರೆಯೋ ಹೊತ್ತಿಗೆ ಸರಿಯಾಗಿ ಮತ್ತೊಮ್ಮೆ ನೆನಪಿಸಿಕೊಂಡರೆ ಮುಂದಿನ ಸಲ ಜಾಸ್ತಿ ದಿನ ತಡೆಯುತ್ತೆ. ಅದನ್ನೇ 1970ರ ದಶಕದಲ್ಲಿ ಲೈಟ್ನರ್ ಅನ್ನುವವರು ಡಬ್ಬಿಗಳಿಗೆ ಇಳಿಸಿದರು. ಮೊದಲ ಡಬ್ಬಿ ದಿನಾ ನೋಡಬೇಕು. ಎರಡನೇದು ನಾನು ಮೂರು ದಿನಕ್ಕೊಮ್ಮೆ ಇಟ್ಟುಕೊಂಡೆ, ಮೂರನೇದು ವಾರಕ್ಕೆ, ನಾಲ್ಕನೇದು 15 ದಿನಕ್ಕೆ, ಐದನೇದು ತಿಂಗಳಿಗೆ. ಸರಿ ಹೇಳಿದ ಚೀಟಿ ಮುಂದಿನ ಡಬ್ಬಿಗೆ ಬಡ್ತಿ. ತಪ್ಪಿದರೆ, ನಾಲ್ಕನೇ ಡಬ್ಬಿಯಲ್ಲಿದ್ದರೂ ಸೀದಾ ಒಂದನೇದಕ್ಕೆ. ಇದನ್ನೇ ಮಾಡೋ ಆಂಕಿ ಅನ್ನೋ ಆ್ಯಪ್ ಇದೆ, ಆಂಡ್ರಾಯ್ಡ್‌ನಲ್ಲಿ ಪುಕ್ಕಟೆ. ನಾನೂ ಹಾಕಿಕೊಂಡಿದ್ದೆ. ಫೋನ್ ಕೈಗೆ ಬಂದ್ರೆ ರೀಲ್ಸ್ ಕಡೆ ಹೋಗ್ತೀನಿ, ಅದಕ್ಕೆ ಡಬ್ಬಿಯೇ ಇರಲಿ ಅಂದುಕೊಂಡೆ.

ದಿನಕ್ಕೆ 8 ಹೊಸ ಪದ, ವಾರಕ್ಕೆ ಐದು ದಿನ. ಶನಿವಾರ ಬರೀ ಹಳೇದು. ಭಾನುವಾರ ಓದು. 20 ವಾರಕ್ಕೆ 800 ಪದ.

ಡಬ್ಬಿ ಬರೀ ನೆನಪಿನ ಕೆಲಸ ಮಾಡ್ತದೆ. ಅರ್ಥ ಕೂರೋದು ಚೀಟಿಯ ಹಿಂದೆ ಏನು ಬರೀತೀರಿ ಅನ್ನೋದರ ಮೇಲೆ. ಶುರುವಿನಲ್ಲಿ ನಾನು ನಿಘಂಟಿನ ಅರ್ಥ ಬರೀತಿದ್ದೆ. 'ಪಾರ್ಸಿಮೋನಿಯಸ್: ಮಿತವ್ಯಯಿ.' 'ಫ್ರೂಗಲ್: ಮಿತವ್ಯಯಿ.' ಎರಡೂ ಒಂದೇ ಚೀಲಕ್ಕೆ. ಆದರೆ ಇಂಗ್ಲಿಷಿನಲ್ಲಿ ಫ್ರೂಗಲ್ ಅಂದ್ರೆ ಹೊಗಳಿದ ಹಾಗೆ, ಪಾರ್ಸಿಮೋನಿಯಸ್ ಅಂದ್ರೆ ಸಾಮಾನ್ಯವಾಗಿ ತೆಗಳಿದ ಹಾಗೆ. ನಮ್ಮಲ್ಲೂ ಇದು ಇದೆಯಲ್ಲ. "ಆಕಿ ಸಂಸಾರ ಹಿಡದ ಮಾಡ್ತಾಳ" ಅನ್ನೋದೇ ಬೇರೆ, "ಅಂವಾ ಕೈ ಬಿಚ್ಚೂದಿಲ್ಲ" ಅನ್ನೋದೇ ಬೇರೆ. ಮೊದಲನೇದು ಫ್ರೂಗಲ್, ಎರಡನೇದು ಪಾರ್ಸಿಮೋನಿಯಸ್. ಅವತ್ತಿಂದ ಪುಸ್ತಕದ ಕನ್ನಡ ಬಿಟ್ಟೆ. ಮನೆಯಲ್ಲಿ, ಸಂತೆಯಲ್ಲಿ ಆಡೋ ಮಾತನ್ನೇ ಬರೆದೆ. ಹೊಗಳಿಕೆಗೆ ಹಸಿರು ಚುಕ್ಕೆ, ತೆಗಳಿಕೆಗೆ ಕೆಂಪು ಚುಕ್ಕೆ. ಅದರ ಕೆಳಗೆ, ನಾನು ಎಲ್ಲಾದರೂ ಓದಿದ ಒಂದು ವಾಕ್ಯ, ಇದ್ದ ಹಾಗೇ.

'ಗ್ಯಾರುಲಸ್' ಚೀಟಿಗೆ 'ವಟವಟ' ಅಂತ ಬರೆದೆ. 'ಟ್ಯಾಸಿಟರ್ನ್' ಅಂದ್ರೆ ಮುಗುಮ್ಮಾಗಿರೋ ಮನುಷ್ಯ. 'ಆಬ್ಸೀಕ್ವಿಯಸ್' ಅನ್ನೋದಕ್ಕೆ ನಿಘಂಟಿನಲ್ಲಿ ಏನೇನೋ ಇತ್ತು, ನಾನು 'ಸಾಹೇಬರ ಮುಂದೆ ನಡ ಬಗ್ಗಿಸಿ ಹಲ್ಲು ಗಿಂಜೋದು' ಅಂತ ಬರೆದೆ. ಆ ಚೀಟಿ ಒಂದು ಸಲವೂ ವಾಪಸ್ ಮೊದಲ ಡಬ್ಬಿಗೆ ಬರಲಿಲ್ಲ.

ಪದದ ಬೇರು ಹಿಡಿಯೋ ರುಚಿ ಹತ್ತಿದ್ದು ಗದ್ದನಕೇರಿ ಕ್ರಾಸ್ ಹತ್ತಿರ. ಕುರಿ ಹಿಂಡು ರಸ್ತೆಗೆ ಅಡ್ಡ ಬಂದು ನಮ್ಮ ಬಸ್ಸು ನಿಂತಿತ್ತು. ನನ್ನ ಕೈಯಲ್ಲಿ 'ಗ್ರಿಗೇರಿಯಸ್' ಚೀಟಿ. ಜನರ ಜೊತೆ ಬೆರೆಯೋ ಸ್ವಭಾವದವನು ಅಂತ ಅರ್ಥ. ಲ್ಯಾಟಿನ್‌ನಲ್ಲಿ 'ಗ್ರೆಕ್ಸ್' ಅಂದ್ರೆ ಹಿಂಡು ಅಂತ ಹಿಂದಿನ ರಾತ್ರಿ ಓದಿದ್ದೆ. ಕಿಟಕಿಯಾಚೆ ಹಿಂಡೇ ಇತ್ತು. ಹಿಂಡಿನಿಂದ ಬೇರೆ ಮಾಡಿದರೆ 'ಸೆಗ್ರಿಗೇಟ್'. ಹಿಂಡಾಗಿ ಸೇರಿದರೆ 'ಕಾಂಗ್ರಿಗೇಟ್'. ಎಲ್ಲ ಒಟ್ಟು ಹಾಕಿದರೆ 'ಅಗ್ರಿಗೇಟ್', ಮಾರ್ಕ್ಸ್ ಕಾರ್ಡಿನಲ್ಲಿ ನೋಡಿದ್ದೇ. ಹಿಂಡು ಬಿಟ್ಟು ಹೊರಗೆ ಎದ್ದು ನಿಂತದ್ದು 'ಎಗ್ರೀಜಿಯಸ್'. ಹಿಂದೆ ಇದು ಹೊಗಳಿಕೆ ಮಾತಾಗಿತ್ತು. ಈಗ ಕಣ್ಣಿಗೆ ರಾಚುವಷ್ಟು ಕೆಟ್ಟದ್ದಕ್ಕೆ ಮಾತ್ರ ಹೇಳ್ತಾರೆ. ಕುರುಬ ಕೋಲು ಬೀಸಿ ಹಿಂಡನ್ನು ಆಚೆ ದಾಟಿಸೋದರೊಳಗೆ ಐದು ಪದ ಆಗಿಹೋಯ್ತು. ಆಮೇಲೆ 'ರಿಕ್ಯಾಲ್ಸಿಟ್ರಂಟ್' ಸಿಕ್ತು: ಹೇಳಿದ ಮಾತು ಕೇಳದ ಮೊಂಡ. ಲ್ಯಾಟಿನ್ ಮೂಲದಲ್ಲಿ ಹಿಂಗಾಲಿನಿಂದ ಒದೆಯೋದು. ನೊಗ ಹೊರಿಸೋಕೆ ಹೋದ್ರೆ ಒದೆಯೋ ಹೋರಿ ಕಂಡವರಿಗೆ ಇದನ್ನು ಮತ್ತೆ ಹೇಳಬೇಕಿಲ್ಲ. 'ಪ್ರೋಕ್ರಾಸ್ಟಿನೇಟ್' ಒಳಗೆ ಇರೋ 'ಕ್ರಾಸ್' ಅಂದ್ರೆ ನಾಳೆ. ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೀತಿದ್ದರಲ್ಲ, ಅದೇ ಬರೆದಿಟ್ಟೆ.

ಬೇರು ನಂಬಿ ಕೆಟ್ಟದ್ದೂ ಇದೆ. 'ಎನರ್ವೇಟ್' ಅಂದ್ರೆ ಶಕ್ತಿ ತುಂಬೋದು ಅಂತ ಎರಡು ವಾರ ನಂಬಿದ್ದೆ. ಸರಿಯಾಗಿ ಉಲ್ಟಾ, ಶಕ್ತಿ ಹೀರೋದು. ನಮ್ಮ ಏಪ್ರಿಲ್ ಬಿಸಿಲು ಮಾಡುತ್ತಲ್ಲ, ಅದು. 'ನಾಯ್ಸಮ್'ಗೂ ಸದ್ದಿಗೂ ಸಂಬಂಧ ಇಲ್ಲ, ಅದು ಗಬ್ಬು ನಾತದ ಪದ. 'ರೆಸ್ಟಿವ್' ಅಂದ್ರೆ ಆರಾಮಾಗಿರೋನಲ್ಲ, ಒಂದು ಕಡೆ ನಿಲ್ಲಲಾರದೆ ಚಡಪಡಿಸೋನು.

ಇವಕ್ಕಿಂತ ಜಾಸ್ತಿ ಪೆಟ್ಟು ಕೊಟ್ಟದ್ದು ಸುಲಭದ ಪದಗಳು. ಇದನ್ನು ಯಾವ ಕಟ್ಟಿನಲ್ಲೂ ನಾನು ನೋಡಿರಲಿಲ್ಲ. 'ಸ್ಯಾಂಕ್ಷನ್' ನಮಗೆ ಗೊತ್ತು: ಬ್ಯಾಂಕಿನಲ್ಲಿ ಲೋನ್ ಸ್ಯಾಂಕ್ಷನ್ ಆಯ್ತು ಅಂತೀವಿ. ಅದೇ ಪದಕ್ಕೆ ದಂಡನೆ ಅಂತಲೂ ಅರ್ಥ ಇದೆ, ಒಂದು ದೇಶದ ಮೇಲೆ ಇನ್ನೊಂದು ದೇಶ ಹೇರುತ್ತಲ್ಲ, ಹಾಗೆ. 'ಕ್ವಾಲಿಫೈಡ್' ಬೆಂಬಲ ಅಂದ್ರೆ ಅರ್ಹರ ಬೆಂಬಲ ಅಂದುಕೊಂಡಿದ್ದೆ. 'ಹೂಂ, ಆದರೆ...' ಅನ್ನೋ ಅರೆಮನಸ್ಸಿನ ಬೆಂಬಲ ಅದು. 'ಫ್ಲ್ಯಾಗ್' ಕ್ರಿಯಾಪದವಾದರೆ ಸೊರಗೋದು. 'ವಾಂಟ್' ಅಂದ್ರೆ ಕೊರತೆ. 'ಟೆಂಪರ್' ನಮಗೆ ಬರೀ ಏರೋದು ಗೊತ್ತು, ಇಲ್ಲಿ ಅದು ಕಡಿಮೆ ಮಾಡೋದು, ಹದ ಮಾಡೋದು. ಇಂಥ 40 ಪದಕ್ಕೆ ಬೇರೆಯಾಗಿ ಹಳದಿ ಬಣ್ಣದ ಚೀಟಿ ಮಾಡಿದೆ. ಕಷ್ಟದ ಪದ ಬಂದ್ರೆ ಎಚ್ಚರವಾಗಿರ್ತೀವಿ, ಇವು ಪಕ್ಕದ ಮನೆಯವರ ಥರ ನಗುತ್ತಾ ಬಂದು ಅಂಕ ಒಯ್ದುಬಿಡ್ತವೆ.

ಉಚ್ಚಾರದ ಬಗ್ಗೆ ಒಂದೇ ಮಾತು. ನಮ್ಮ ಲಿಪಿಯಲ್ಲಿ ಬರೆದಂತೆ ಓದ್ತೀವಿ, ಆ ಚಟಕ್ಕೆ 'ಹೈಪರ್ಬಲಿ'ಯನ್ನು ನಾನು ವರ್ಷಗಟ್ಟಲೆ 'ಹೈಪರ್‌ಬೋಲ್' ಅಂತಿದ್ದೆ. ಪರೀಕ್ಷೆಯಲ್ಲಿ ಕೇಳೋದಿಲ್ಲ. ಆದರೆ ಬಾಯಲ್ಲಿ ಸರಿಯಾಗಿ ಬಂದ ಪದ ತಲೆಯಲ್ಲೂ ಗಟ್ಟಿ ನಿಲ್ಲುತ್ತೆ. ಫೋನಿನಲ್ಲಿ ಒಮ್ಮೆ ಕೇಳಿಸಿಕೊಳ್ಳಿ, ಸಾಕು.

ಖಾಲಿ ಜಾಗದ ಪ್ರಶ್ನೆಗೆ ನಾನು ಮಾಡ್ತಿದ್ದದ್ದು ಇದು: ಕೆಳಗಿನ ಆಯ್ಕೆಗಳನ್ನು ಕೈಯಿಂದ ಮುಚ್ಚೋದು. ವಾಕ್ಯ ಓದಿ, ಖಾಲಿ ಜಾಗಕ್ಕೆ ಮೊದಲು ನನ್ನದೇ ಒಂದು ಕನ್ನಡ ಪದ ಹಾಕೋದು. 'ಯಾವಾಗಲೂ ವಟವಟ ಅನ್ನೋ ಮಂತ್ರಿ, ಹಗರಣದ ಮಾತು ಬಂದಾಗ ಮಾತ್ರ ___' ಅಂತ ಇದ್ರೆ, ಒಳಗಿಂದ 'ಬಾಯಿ ಬಿಗಿಹಿಡಿದ' ಅಂತ ತಾನೇ ಬರುತ್ತೆ. ಆಮೇಲೆ ಕೈ ತೆಗೆದು ಅದಕ್ಕೆ ಹೊಂದೋದನ್ನು ಹುಡುಕಬೇಕು: 'ರೆಟಿಸೆಂಟ್'. ಆಯ್ಕೆ ಮೊದಲು ನೋಡಿದ್ರೆ ಐದೂ ಸರಿ ಅನ್ನಿಸ್ತವೆ. ಒಂದೇ ಖಾಲಿ ಜಾಗಕ್ಕೆ, ವಾಕ್ಯಕ್ಕೆ ಒಂದೇ ಅರ್ಥ ಕೊಡೋ ಎರಡು ಪದವನ್ನು ಆರರಲ್ಲಿ ಆರಿಸೋ ಪ್ರಶ್ನೆಯೂ ಇರುತ್ತೆ, ಅದರಲ್ಲಿ ಇನ್ನೊಂದು ಎಚ್ಚರ ಬೇಕು. ಚೆಂದ ಹೊಂದುವ ಪದ ಒಂದು ಇದ್ದೇ ಇರುತ್ತೆ, ಅದಕ್ಕೆ ಜೋಡಿ ಇರೋದಿಲ್ಲ. ಜೋಡಿ ಇಲ್ಲದ್ದನ್ನು ಎಷ್ಟೇ ಚೆಂದ ಇದ್ರೂ ಬಿಡಬೇಕು. ತಪ್ಪಿಗೆ ಅಂಕ ಕಳೆಯೋದಿಲ್ಲ, ಹಾಗಾಗಿ ಗೊತ್ತಾಗದಿದ್ದರೂ ಏನಾದ್ರೂ ಒತ್ತಿ ಮುಂದೆ ಹೋಗಬೇಕು. ಈಗಿನ ಪರೀಕ್ಷೆಯಲ್ಲಿ ವರ್ಬಲ್‌ಗೆ 27 ಪ್ರಶ್ನೆ, 41 ನಿಮಿಷ. ಯೋಚನೆ ಮಾಡ್ತಾ ಕೂರೋ ಹೊತ್ತಲ್ಲ.

ಭಾನುವಾರದ ಓದಿಗೆ 'ದಿ ಹಿಂದೂ' ಸಂಪಾದಕೀಯ, ಆಮೇಲೆ ವಿಜ್ಞಾನ, ಕಲೆ, ಇತಿಹಾಸದ ಉದ್ದ ಲೇಖನಗಳು. ಚೀಟಿಯ ಪದ ಅಲ್ಲಿ ತಾನಾಗಿ ಎದುರಾದಾಗ ಆಗೋ ಖುಷಿ ಬೇರೆ. ಅಂಥ ವಾಕ್ಯವನ್ನೇ ಚೀಟಿಗೆ ಇಳಿಸ್ತಿದ್ದೆ.

ಎರಡನೇ ಸಲ 157 ಬಂತು. ಪ್ರಶ್ನೆಗಳನ್ನು ಹೊರಗೆ ಹೇಳೋದಿಲ್ಲ ಅಂತ ಒಪ್ಪಿಸಿಕೊಂಡೇ ಒಳಗೆ ಬಿಡ್ತಾರೆ, ಅದಕ್ಕೆ ಅದರ ಸುದ್ದಿ ಬೇಡ. ಕೊನೆಯವರೆಗೂ ಮೊದಲ ಡಬ್ಬಿ ಬಿಟ್ಟು ಏಳದ ಚೀಟಿ 11 ಉಳಿದವು. ಅವುಗಳಲ್ಲಿ ವೀನಲ್, ವೀನಿಯಲ್ ಎರಡೂ ಇದ್ದವು.

ಈಗ ಡಬ್ಬಿಗಳು ತಂಗಿಯ ಹತ್ತಿರ ಇವೆ. ಅವಳು ಬ್ಯಾಂಕ್ ಪರೀಕ್ಷೆಗೆ ಓದ್ತಿದ್ದಾಳೆ. ಮೊನ್ನೆ ಒಂದು ಚೀಟಿ ತೆಗೆದು ನೋಡಿದೆ. 'ಆಬ್ಸೀಕ್ವಿಯಸ್' ಹಿಂದೆ ನಾನು ಬರೆದದ್ದಕ್ಕೆ ಗೀಟು ಹೊಡೆದು, ಕೆಳಗೆ ತನ್ನ ಅಕ್ಷರದಲ್ಲಿ 'ರೊಕ್ಕ ಬೇಕಾದಾಗ ಅಣ್ಣ ನನ್ನ ಮುಂದ ನಿಲ್ಲೂದು' ಅಂತ ಬರೆದಿದ್ದಳು.