ಸ್ಪ್ರಿಂಗ್ ಹಾಕದೆಯೇ ನನ್ನ ಗೋ-ಕಾರ್ಟ್ ಹದಕ್ಕೆ ಬಂತು

ನನ್ನ ಕಾರ್ಟ್, ಅಂದರೆ ಒಬ್ಬರೇ ಕೂತು ಓಡಿಸುವ ಪುಟ್ಟ ನಾಲ್ಕು ಚಕ್ರದ ಎಂಜಿನ್ ಗಾಡಿ, ಈಗ 40 ಕಿ.ಮೀ. ವೇಗದಲ್ಲಿ ಸ್ಟಿಯರಿಂಗ್ ಮೇಲಿನ ಹಿಡಿತ ಸ್ವಲ್ಪ ಸಡಿಲ ಬಿಟ್ಟರೂ ನೇರವಾಗಿ ಓಡುತ್ತದೆ. ತಿರುವಿನಲ್ಲಿ ಜಾಸ್ತಿ ಒತ್ತಿದರೆ ಜಾರುತ್ತದೆ, ಮಗುಚುವುದಿಲ್ಲ. ಇದನ್ನು ಸ್ವಲ್ಪ ಜೋರಾಗಿಯೇ ಹೇಳುತ್ತಿದ್ದೇನೆ. "ಸ್ಪ್ರಿಂಗ್ ಇಲ್ಲದೆ ಆಗಲ್ಲ", "ಈ ಫ್ರೇಮ್ ಬಿಸಾಕಿ ಹೊಸದು ಕಟ್ಟು" ಅಂತ ಹೇಳಿದವರು ಒಬ್ಬಿಬ್ಬರಲ್ಲ. ಅದೇ ಫ್ರೇಮ್ ಇವತ್ತೂ ಇದೆ, ಸ್ಪ್ರಿಂಗ್ ಇಲ್ಲ.

ಮೊದಲಿನ ಸ್ಥಿತಿ ಹೀಗಿತ್ತು. ಚೌಕ ಪೈಪಿನ ಫ್ರೇಮ್, ವೀಲ್‌ಬೇಸ್ (ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಇರುವ ದೂರ) ಸುಮಾರು 110 ಸೆಂ.ಮೀ., ಹಿಂದೆ ಮುಂದೆ ಎರಡೂ ಕಡೆ ಟ್ರ್ಯಾಕ್ ಅಗಲ (ಎಡ ಚಕ್ರದಿಂದ ಬಲ ಚಕ್ರಕ್ಕೆ ಇರುವ ದೂರ) 72ರ ಆಸುಪಾಸು. ಸೀಟಿನ ತಳ ನೆಲದಿಂದ ಒಂದಡಿಗೆ ಸ್ವಲ್ಪ ಕಡಿಮೆ. ಹಿಂದಿನ ಒಂದೇ ಚಕ್ರಕ್ಕೆ ಚೈನ್. ವೇಗ 25 ಕಿ.ಮೀ. ದಾಟಿದರೆ ಸ್ಟಿಯರಿಂಗ್ ಅದುರಲು ಶುರು, 30ಕ್ಕೆ ಕೈಯಲ್ಲಿ ಹಿಡಿಯಲು ಆಗುತ್ತಿರಲಿಲ್ಲ. ತಿರುವಿನಲ್ಲಿ ಒಳಗಿನ ಎರಡೂ ಚಕ್ರ ಒಟ್ಟಿಗೇ ಮೇಲೇಳುತ್ತಿದ್ದವು. ಹಿಂದಿನದೊಂದೇ ಎದ್ದರೆ ಪರವಾಗಿಲ್ಲ, ಮುಂದಿನದೂ ಎದ್ದರೆ ಅದು ಮಗುಚುವ ದಾರಿ ಅಂತ ನಿಮಗೆಲ್ಲ ಗೊತ್ತೇ ಇದೆ.

ಮೊದಲು ಕೇಳಿದ ಸಲಹೆ ಭಾರ ಹಾಕುವುದು. ಪೆಡಲ್ ಹತ್ತಿರ ಕಬ್ಬಿಣದ ಪ್ಲೇಟ್ ಬೋಲ್ಟ್ ಮಾಡಿದೆ, 12 ಕೆ.ಜಿ. ಇರಬಹುದು. ಮುಂದಿನ ಹಿಡಿತ ಸ್ವಲ್ಪ ಸುಧಾರಿಸಿತು. ಆದರೆ ಬ್ರೇಕ್ ಇರುವುದು ಹಿಂದೆ ಮಾತ್ರ ಅಲ್ವಾ? ನಿಲ್ಲಿಸಲು ಮೊದಲಿಗಿಂತ ಜಾಸ್ತಿ ಜಾಗ ಬೇಕಾಯಿತು. ಪ್ಲೇಟ್ ಬಿಚ್ಚಿಟ್ಟೆ. ಆಮೇಲೆ ಸ್ಪ್ರಿಂಗ್ ಸಲಹೆ. ಹಳೇ ಬೈಕಿನ ಎರಡು ಶಾಕ್ ಅಬ್ಸಾರ್ಬರ್ ತಂದು ಮುಂದೆ ತೋಳು ಮಾಡಿ ಕೂರಿಸಿದೆ. ಎಂಜಿನ್‌ಗೆ ಕೊಟ್ಟಿದ್ದರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. ಸ್ಪ್ರಿಂಗ್ ಕುಗ್ಗಲು ಜಾಗ ಬೇಕು, ಅದಕ್ಕಾಗಿ ಫ್ರೇಮ್ ಇನ್ನೂ ಮೇಲೆ ಹೋಯಿತು. ಚಕ್ರ ಮೇಲೆ ಕೆಳಗೆ ಆಡಿದಂತೆಲ್ಲ ಟೋ, ಅಂದರೆ ಮುಂದಿನ ಚಕ್ರಗಳ ಮೂತಿ ಒಳಗೋ ಹೊರಗೋ ತಿರುಗಿರುವ ಅಳತೆ, ಬದಲಾಗುತ್ತಿತ್ತು. ತಿರುವಿನಲ್ಲಿ ಇಡೀ ಕಾರ್ಟ್ ಹೊರಗೆ ವಾಲುತ್ತಿತ್ತು. ಶಾಕ್‌ಗಳನ್ನು ಅರ್ಧ ಬೆಲೆಗೆ ಕೊಟ್ಟು ಕೈತೊಳೆದುಕೊಂಡೆ. 1956ರಲ್ಲಿ ಅಮೆರಿಕದ ಆರ್ಟ್ ಇಂಗಲ್ಸ್ ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ ಇಟ್ಟು ಮೊದಲ ಕಾರ್ಟ್ ಕಟ್ಟಿದಾಗಲೂ ಸ್ಪ್ರಿಂಗ್ ಇರಲಿಲ್ಲ, ಇವತ್ತಿನ ರೇಸ್ ಕಾರ್ಟ್‌ಗಳಲ್ಲೂ ಇಲ್ಲ. ಅಲ್ಲಿ ಸ್ಪ್ರಿಂಗಿನ ಕೆಲಸ ಮಾಡುವುದು ಫ್ರೇಮಿನ ಬಳುಕು. ವೀಲ್‌ಬೇಸ್ ಉದ್ದ ಮಾಡು ಅಂದವರೂ ಇದ್ದರು. ಅದರಿಂದ ನೇರ ಓಟ ಚೆನ್ನಾಗಬಹುದು, ಪಕ್ಕಕ್ಕೆ ಮಗುಚುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಅದಕ್ಕೆ ಕೈಹಾಕಲಿಲ್ಲ.

ಮುಂದೆ ಏನೇ ಮಾಡುವುದಿದ್ದರೂ ಅಳತೆ ಮಾಡಿಯೇ ಮಾಡಬೇಕು ಅಂತ ತೀರ್ಮಾನಿಸಿದೆ. ನನ್ನ ತೂಕದಷ್ಟು ಮರಳಿನ ಚೀಲಗಳನ್ನು ಸೀಟಿನಲ್ಲಿ ಕೂತ ಆಳಿನ ಎತ್ತರಕ್ಕೆ ಕಟ್ಟಿ, ಒಂದು ಪಕ್ಕದ ಎರಡು ಚಕ್ರ ಜಾರದಂತೆ ಮರದ ತುಂಡು ಕೊಟ್ಟು, ಇನ್ನೊಂದು ಪಕ್ಕವನ್ನು ಇಬ್ಬರು ಸೇರಿ ನಿಧಾನವಾಗಿ ಎತ್ತಿದೆವು. ಆಚೆ ಒಬ್ಬ ಹಗ್ಗ ಹಿಡಿದಿದ್ದ. ಮೊಬೈಲಿನ ಲೆವೆಲ್‌ನಲ್ಲಿ 42 ಡಿಗ್ರಿ ಬರುವಷ್ಟರಲ್ಲಿ ಕಾರ್ಟ್ ತಾನಾಗಿ ಆಚೆ ಬೀಳಲು ನೋಡಿತು. ಲೆಕ್ಕ ಹಾಕಿದರೆ ಅರ್ಧ ಟ್ರ್ಯಾಕ್ 36, ಭಾರದ ಕೇಂದ್ರ 40 ಸೆಂ.ಮೀ. ಎತ್ತರ. ಭಾಗಿಸಿದರೆ 0.9. ಪಕ್ಕಕ್ಕೆ ತಳ್ಳುವ ಬಲ ಒಟ್ಟು ಭಾರದ ಇಷ್ಟು ಪಾಲು ಆದರೆ ಕಾರ್ಟ್ ಮಗುಚುತ್ತದೆ. ಒಣ ನೆಲದಲ್ಲಿ ಟೈರಿನ ಹಿಡಿತವೂ ಹೆಚ್ಚು ಕಡಿಮೆ ಅಷ್ಟೇ. ಜಾರಬೇಕೋ ಮಗುಚಬೇಕೋ ಅನ್ನುವ ಗಡಿಯಲ್ಲೇ ಓಡಿಸುತ್ತಿದ್ದೆ ಅಂತಾಯಿತು. ಈ ಭಾಗಲಬ್ಧ 1.5 ದಾಟಿಸಿದರೆ ಟೈರ್ ಮೊದಲು ಜಾರುತ್ತದೆ. ಉಳಿದ ಕೆಲಸವೆಲ್ಲ ಈ ಒಂದು ಸಂಖ್ಯೆಗಾಗಿ.

ಸೀಟಿನ ಕೆಳಗಿದ್ದ ಎರಡು ಅಡ್ಡ ಪೈಪ್ ಕತ್ತರಿಸಿ, ಸೀಟನ್ನು ಮುಖ್ಯ ಪೈಪುಗಳ ನಡುವೆ ಇಳಿಬಿಟ್ಟೆ. ತಳ ಈಗ ನೆಲದಿಂದ 6 ಸೆಂ.ಮೀ. ಇದೆ. ಬೆನ್ನು ಇನ್ನಷ್ಟು ಹಿಂದಕ್ಕೆ ಒರಗಿಸಿದೆ. ಇದಕ್ಕೆ ಖರ್ಚಾದದ್ದು ವೆಲ್ಡಿಂಗ್ ರಾಡ್ ಮಾತ್ರ. ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಇದೇ, ಅತಿ ಅಗ್ಗದ್ದೂ ಇದೇ. ಸೀಟಿನಿಂದ ಆ್ಯಕ್ಸಲ್ ಬೇರಿಂಗ್ ಕಡೆಗೆ ಎರಡು ಕಡ್ಡಿ ಕೊಟ್ಟಿದ್ದೇನೆ. ಅವು ಎಲ್ಲಿ ಕೂಡಬೇಕು ಅನ್ನುವುದು ನನಗೆ ತುಂಬಾ ಹೊತ್ತು ಹಿಡಿದ ಲೆಕ್ಕ. ಅದು ನನ್ನ ಹತ್ತಿರವೇ ಇರಲಿ.

ದುಡ್ಡು ಹೋದದ್ದು ಹಿಂದಿನ ಆ್ಯಕ್ಸಲ್‌ಗೆ. ಒಂದೇ ಚಕ್ರಕ್ಕೆ ಚೈನ್ ಇದ್ದಾಗ ಥ್ರಾಟಲ್ ಕೊಟ್ಟರೆ ಒಂದು ಕಡೆ, ಬಿಟ್ಟರೆ ಇನ್ನೊಂದು ಕಡೆ ಎಳೆಯುತ್ತಿತ್ತು. ಹಿಂದಿನ ಎರಡೂ ಚಕ್ರಕ್ಕೆ ಸೇರಿ ಒಂದೇ 30 ಎಂ.ಎಂ. ಇಡಿಯ ಆ್ಯಕ್ಸಲ್, ಎರಡು ಹಬ್, ಕೀ, ಬೇರಿಂಗ್ ಎಲ್ಲ ಸೇರಿ ಎಂಜಿನ್ ಬೆಲೆಯ ಮೂರನೇ ಒಂದು ಭಾಗ ಆಯಿತು. ಟ್ರ್ಯಾಕ್ ಹಿಂದೆ 96ಕ್ಕೆ ಬಂತು, ಮುಂದೆಯೂ ಸ್ಪಿಂಡಲ್ (ಮುಂದಿನ ಚಕ್ರ ಕೂರುವ ಕಡ್ಡಿ) ಬ್ರಾಕೆಟ್ ಹೊರಗೆ ತಳ್ಳಿ ಅಷ್ಟಕ್ಕೇ ತಂದೆ. ಮತ್ತೆ ಮರಳು ಚೀಲ ಕಟ್ಟಿ ಎತ್ತಿದಾಗ 55 ಡಿಗ್ರಿ ದಾಟಿದರೂ ಕಾರ್ಟ್ ವಾಪಸ್ ಬೀಳಲು ನೋಡುತ್ತಿತ್ತೇ ಹೊರತು ಆಚೆ ಹೋಗಲಿಲ್ಲ. ಅಲ್ಲಿಗೇ ನಿಲ್ಲಿಸಿದೆವು. 55 ಡಿಗ್ರಿ ಅಂದರೆ 1.4, ಅದರಾಚೆ ಎಷ್ಟಿದೆಯೋ ಅದು ಲಾಭ. ತೂಕ ಮತ್ತು ಎತ್ತರ ಹಿಡಿದು ಲೆಕ್ಕ ಹಾಕಿದರೆ 1.7ರ ಹತ್ತಿರ ಬರುತ್ತದೆ.

ಮಗುಚುವ ಭಯ ಹೋಯಿತು, ಅದುರು ಹೋಗಲಿಲ್ಲ. ಕಿಂಗ್‌ಪಿನ್ (ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಕೀಲಿನ ಬೋಲ್ಟ್) ನೆಟ್ಟಗೆ ನಿಂತಿತ್ತು, ಅಂದರೆ ಅದು ಹಿಂದಕ್ಕೆ ವಾಲುವ ಕೋನವಾದ ಕ್ಯಾಸ್ಟರ್ ಸೊನ್ನೆ. ಕ್ಯಾಸ್ಟರ್ ಕೊಟ್ಟರೆ ಸರಿಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಒಂದು ಬದಿಗೆ ಸುಮ್ನೆ ತಾತ್ಕಾಲಿಕವಾಗಿ ಟ್ಯಾಕ್ (ಚುಕ್ಕಿ ವೆಲ್ಡ್) ಹಾಕಿ ಓಡಿಸಿ ನೋಡಿದರೆ ಅದುರು ಇನ್ನೂ ಹೆಚ್ಚಾಯಿತು. ಕಾರಣ ಪ್ಲೇ, ಅಂದರೆ ಕೀಲಿನಲ್ಲಿರುವ ಸಡಿಲ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಟೈರಿನ ಅಂಚಿನಲ್ಲಿ 6-7 ಎಂ.ಎಂ. ಆಡುತ್ತಿತ್ತು. ಬೋಲ್ಟ್ ಬಿಚ್ಚಿ ನೋಡಿದೆ. ಪೈಪಿನೊಳಗೆ ನಿಂತಿದ್ದದ್ದು ಬೋಲ್ಟಿನ ನಯವಾದ ಭಾಗವಲ್ಲ, ಥ್ರೆಡ್. ಥ್ರೆಡ್ಡಿನ ತುದಿಗಳು ಸವೆದು ಹೊಳೆಯುತ್ತಿದ್ದವು, ಪೈಪಿನ ಬಾಯಿ ಮೊಟ್ಟೆಯಾಕಾರಕ್ಕೆ ತಿರುಗಿತ್ತು. ನಯವಾದ ಭಾಗ ಉದ್ದ ಇರುವ ಬೋಲ್ಟ್ ತಂದು, ಪೈಪಿನೊಳಗೆ ಹಿತ್ತಾಳೆ ಬುಶ್ (ಸಣ್ಣ ಕೊಳವೆ) ಒತ್ತಿ, ತೂತಿನ ಅಳತೆ ಸರಿಮಾಡಲು ರೀಮರ್ ಆಡಿಸಿ, ಮೇಲೆ ಕೆಳಗೆ ಥ್ರಸ್ಟ್ ವಾಷರ್ ಕೊಟ್ಟೆ. ಪ್ಲೇ ಒಂದು ಎಂ.ಎಂ.ಗೂ ಕೆಳಗೆ ಇಳಿಯಿತು. ಆಮೇಲೆ ಕ್ಯಾಸ್ಟರ್ 12 ಡಿಗ್ರಿ ಕೊಟ್ಟೆ, ಕಿಂಗ್‌ಪಿನ್ನಿನ ತಲೆ ಹಿಂದಕ್ಕೆ. ಅದುರು ಮಾಯ. ಈ ಕ್ರಮ ತಲೆಕೆಳಗಾದರೆ ಕ್ಯಾಸ್ಟರ್ ಕೊಟ್ಟೂ ಕೆಟ್ಟ ಹೆಸರು. ಎರಡೂ ಬದಿಗೆ ಕೂದಲೆಳೆ ವ್ಯತ್ಯಾಸ ಇಲ್ಲದೆ ಅದೇ ಕೋನ ಬರಲು ನಾನೊಂದು ಜಿಗ್ (ಹಿಡಿದಿಡುವ ಅಚ್ಚು) ಮಾಡಿಕೊಂಡಿದ್ದೇನೆ. ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ. ಸ್ಪ್ರಿಂಗ್ ಬೇಕೇ ಬೇಕು ಅಂದಿದ್ದ ಗೆಳೆಯ ಈಗ ಆ ಜಿಗ್ ಎರವಲು ತೆಗೆದುಕೊಂಡು ಹೋಗಿದ್ದಾನೆ.

ಕ್ಯಾಸ್ಟರ್‌ನಿಂದ ಇನ್ನೊಂದು ಲಾಭ ಇದೆ. ಇಡಿಯ ಆ್ಯಕ್ಸಲ್ ಆದ ಮೇಲೆ ಹಿಂದಿನ ಎರಡೂ ಚಕ್ರ ಒಂದೇ ವೇಗದಲ್ಲಿ ತಿರುಗುತ್ತವೆ, ಕಾರ್ಟ್ ತಿರುಗಲು ಒಪ್ಪದೆ ನೇರಕ್ಕೆ ತಳ್ಳುತ್ತದೆ. ಒಳಗಿನ ಹಿಂದಿನ ಚಕ್ರ ಹಗುರಾಗಲೇಬೇಕು. ಸ್ಟಿಯರಿಂಗ್ ತಿರುಗಿಸಿದಾಗ ಕ್ಯಾಸ್ಟರ್ ಒಳಗಿನ ಮುಂದಿನ ಚಕ್ರವನ್ನು ನೆಲಕ್ಕೆ ಒತ್ತುತ್ತದೆ, ಎದುರು ಮೂಲೆಯಲ್ಲಿ ಹೊರಗಿನ ಹಿಂದಿನ ಚಕ್ರದ ಮೇಲೂ ಭಾರ ಏರುತ್ತದೆ, ಒಳಗಿನ ಹಿಂದಿನದು ಸಡಿಲಾಗುತ್ತದೆ. ಪರೀಕ್ಷೆ ಸುಲಭ. ಆ ಚಕ್ರದ ಕೆಳಗೆ ಒಂದು ಕಾಗದ ಇಟ್ಟು, ಒಬ್ಬರನ್ನು ಸೀಟಿನಲ್ಲಿ ಕೂರಿಸಿ, ಸ್ಟಿಯರಿಂಗ್ ಪೂರ್ತಿ ತಿರುಗಿಸಿ. ಕಾಗದ ಹರಿಯದೆ ಎಳೆದರೆ ಬರಬೇಕು. ನನ್ನದರಲ್ಲಿ ಬರುತ್ತದೆ.

ಟೈ ರಾಡ್‌ಗೆ (ಸ್ಟಿಯರಿಂಗ್‌ನಿಂದ ಚಕ್ರ ತಿರುಗಿಸುವ ಕಡ್ಡಿ) ಎರಡೂ ತುದಿಗೆ ರಾಡ್ ಎಂಡ್ (ಗುಂಡಿನ ಕೀಲು), ಒಂದು ಬಲ ಥ್ರೆಡ್, ಒಂದು ಎಡ. ಟೋ-ಇನ್ (ಚಕ್ರಗಳ ಮೂತಿ ಒಳಗೆ ತಿರುಗಿರುವುದು) 2-3 ಎಂ.ಎಂ. ಆಳು ಕೂತಾಗಲೇ ಅಳೆಯಿರಿ, ಫ್ರೇಮ್ ಬಗ್ಗಿದರೆ ಲೆಕ್ಕ ಬದಲಾಗುತ್ತದೆ. ಸ್ಟಿಯರಿಂಗ್ ಕೂಡ ತುಂಬಾ ಚುರುಕಾಗಿತ್ತು. ಶಾಫ್ಟಿನ ತೋಳು 8ರಿಂದ 6ಕ್ಕೆ ಇಳಿಸಿ, ಸ್ಪಿಂಡಲ್ ತೋಳು 8ರಿಂದ 11 ಸೆಂ.ಮೀ. ಮಾಡಿದೆ. ಸ್ಟಿಯರಿಂಗ್ ಅಷ್ಟೇ ತಿರುಗಿಸಿದರೂ ಚಕ್ರ ಮೊದಲಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತಿರುಗುತ್ತದೆ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಟೈರಿನ ಅಡ್ಡಕ್ಕೆ ಸೀಮೆಸುಣ್ಣದ ಗೆರೆ ಎಳೆದು ಒಂದು ಸುತ್ತು ಹೊಡೆದು ಬಂದರೆ ಎಲ್ಲಿ ಅಳಿಸಿದೆಯೋ ಅಲ್ಲಿ ಮಾತ್ರ ಟೈರ್ ಕೆಲಸ ಮಾಡಿದೆ ಅಂತ ಅರ್ಥ. 25 ಪಿ.ಎಸ್.ಐ. ಗಾಳಿಯ ಒತ್ತಡದಲ್ಲಿ ನಡುವಿನ ಪಟ್ಟಿ ಮಾತ್ರ ಅಳಿಸುತ್ತಿತ್ತು. ಮುಂದೆ 14, ಹಿಂದೆ 16ರ ಹತ್ತಿರ ಇಟ್ಟ ಮೇಲೆ ಅಂಚಿನವರೆಗೆ ಅಳಿಸಿತು, ಕುಪ್ಪಳಿಸುವುದೂ ನಿಂತಿತು. 10ಕ್ಕಿಂತ ಇಳಿಸಬೇಡಿ, ತಿರುವಿನಲ್ಲಿ ಟೈರ್ ರಿಮ್ ಬಿಡಬಹುದು. ಅದುರು ತಡೆಯುವ ಸ್ಟಿಯರಿಂಗ್ ಡ್ಯಾಂಪರ್ ಒಂದನ್ನೂ ಹಾಕಿ ನೋಡಿದೆ. ಪ್ಲೇ ತೆಗೆದ ಮೇಲೆ ಅದರ ಅಗತ್ಯವೇ ಕಾಣಲಿಲ್ಲ. ಫ್ರೇಮಿಗೆ ಎರಡು ಓರೆ ಪೈಪ್ ಕೊಟ್ಟು ಬಿಗಿ ಮಾಡಿದಾಗ ಕಾಗದದ ಪರೀಕ್ಷೆ ಪಾಸಾಯಿತು, ಆದರೆ ಏರುಪೇರಿನ ನೆಲದಲ್ಲಿ ಮೂರೇ ಚಕ್ರದ ಮೇಲೆ ಓಡುತ್ತಿತ್ತು. ಒಂದನ್ನು ಕತ್ತರಿಸಿದೆ. ಮುಂದಿನ ಅಡ್ಡ ಪೈಪನ್ನು ವೆಲ್ಡ್ ಮಾಡದೆ ಕ್ಲ್ಯಾಂಪಿನಲ್ಲಿ ಹಿಡಿಸಿದ್ದೇನೆ. ಬಿಗಿ ಮಾಡಿದರೆ ಒಂದು ಗುಣ, ಸಡಿಲ ಬಿಟ್ಟರೆ ಒಂದು ಗುಣ. ಒದ್ದೆ ನೆಲಕ್ಕೆ ಯಾವುದು ಅನ್ನುವುದನ್ನು ಇನ್ನೂ ನೋಡುತ್ತಿದ್ದೇನೆ.

ಒಟ್ಟು ಲೆಕ್ಕದಲ್ಲಿ, ಉಪಯೋಗಕ್ಕೆ ಬಂದ ಕೆಲಸಕ್ಕೆ ಎಂಜಿನ್ ಬೆಲೆಯ ಅರ್ಧಕ್ಕಿಂತ ಕಡಿಮೆ ಹೋಗಿದೆ, ಅದರಲ್ಲಿ ಬಹುಪಾಲು ಆ್ಯಕ್ಸಲ್‌ದು. ಆ್ಯಕ್ಸಲ್‌ಗೆ ದುಡ್ಡು ಇಲ್ಲದವರು ಸೀಟು ಇಳಿಸಿ, ಬುಶ್ ಹಾಕಿ, ಕ್ಯಾಸ್ಟರ್ ಕೊಡಿ. ಅಷ್ಟಕ್ಕೇ ಮುಕ್ಕಾಲು ಪಾಲು ಸರಿಹೋಗುತ್ತದೆ. ಓಡಿಸಿ ಬಂದ ಮೇಲೆ ಪ್ರತಿ ಸಲ ಕಿಂಗ್‌ಪಿನ್ ನಟ್ ಮತ್ತು ರಾಡ್ ಎಂಡಿನ ಲಾಕ್ ನಟ್ ನೋಡುತ್ತೇನೆ. ನೈಲಾನ್ ಲಾಕ್ ನಟ್ ಹಾಕಿದ ಮೇಲೆ ಒಂದೂ ಸಡಿಲಾಗಿಲ್ಲ.